ಎಡಿಟರ್ ಒಳಗಿನಿಂದ ಹೊರಗಿನ ಪ್ರೋಗ್ರಾಮನ್ನು ಏಕೆ ಕರೆಯುತ್ತೇನೆ?

ಕನ್ನಡ ಟೈಪಿಂಗ್ ತಂತ್ರಾಂಶವಾದ 'ನುಡಿ'ಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಟ್ಟ ಲೇಖನಗಳನ್ನು ನಾನು ವಿಮ್ ಎಂಬ ಎಡಿಟರ್‌ನಲ್ಲಿ, ಅಂದರೆ ಪಠ್ಯ ತಿದ್ದುವ ತಂತ್ರಾಂಶದಲ್ಲಿ, ತೆರೆದು ಇಂದಿನ ಸಾರ್ವತ್ರಿಕ ಅಕ್ಷರಸಂಕೇತವಾದ ಯೂನಿಕೋಡಿಗೆ ತರುವುದನ್ನು ಕಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಡಿಟರ್‌ಗೆ ಸೇರಿಸಿಕೊಳ್ಳಬಹುದಾದ ಇಷ್ಟೊಂದು ಪ್ಲಗಿನ್‌ಗಳು ಸಿಗುವಾಗ, ಹೊರಗಿನ ಪ್ರೋಗ್ರಾಮ್ ಓಡಿಸಲು ನೀವೇ ಕಮಾಂಡ್ ಬರೆದುಕೊಳ್ಳುವುದೇಕೆ?

ಈ ಪರಿವರ್ತನೆ ಎಡಿಟರ್ ಮಾಡಬೇಕಾದ ಕೆಲಸವಲ್ಲ ಎಂಬುದೇ ನನ್ನ ಉತ್ತರ. 'ಸೂರ್ಯ' ಎಂಬ ಪದವನ್ನೇ ನೋಡಿ. ಹಳೆಯ ನುಡಿ ಕಡತದಲ್ಲಿ ಅರ್ಕಾವೊತ್ತಿನ ಸಂಕೇತವು ಕಣ್ಣಿಗೆ ಕಾಣುವಂತೆಯೇ ಯಕಾರದ ನಂತರ ಕುಳಿತಿರುತ್ತದೆ. ಯೂನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮದಂತೆ ರಕಾರ ಮತ್ತು ಹಲಂತ (ಸ್ವರವಿಲ್ಲವೆಂದು ತೋರುವ ಚಿಹ್ನೆ) ಮೊದಲು, ಯಕಾರ ಬಳಿಕ. ಆದ್ದರಿಂದ ಒಂದೊಂದೇ ಸಂಕೇತವನ್ನು ಹುಡುಕಿ ಬದಲಿಸಿದರೆ ಸಾಲದು. ಅರ್ಕಾವೊತ್ತು ಯಾವ ಅಕ್ಷರಕ್ಕೆ ಸೇರಿದ್ದೆಂದು ಗುರುತಿಸಿ, ಅದನ್ನು ಆ ಅಕ್ಷರದ ಹಿಂದಕ್ಕೆ ಒಯ್ದು ಕೂರಿಸಬೇಕು. ಅದಕ್ಕಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿಕ್ಕದೊಂದು ಪ್ರೋಗ್ರಾಮ್ ಬರೆದುಕೊಂಡಿದ್ದೇನೆ. ಒಂದು ಕಡೆಯಿಂದ ಪಠ್ಯವನ್ನು ಪಡೆದು ಇನ್ನೊಂದು ಕಡೆಯಿಂದ ಹೊರಬಿಡುವುದಷ್ಟೇ ಅದರ ರೀತಿಯಾದ್ದರಿಂದ ಕಮಾಂಡ್‌ಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲೂ, ಎಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್‌ನಲ್ಲೂ ಬದಲಾವಣೆಯಿಲ್ಲದೆ ನಡೆಯುತ್ತದೆ. ಪ್ಲಗಿನ್ ಆಗಿದ್ದರೆ ಅದು ಒಂದೇ ಎಡಿಟರ್‌ಗೆ ಕಟ್ಟುಬಿದ್ದಿರುತ್ತಿತ್ತು.

ಬಿಲ್ ಜಾಯ್ ಅವರು 1976ರಲ್ಲಿ ಬರೆಯಲು ತೊಡಗಿದ ವಿಐ ಎಡಿಟರ್‌ನಿಂದ ಬಂದ ಸೌಲಭ್ಯವೊಂದು ವಿಮ್‌ನಲ್ಲಿದೆ: ಸಾಲುಗಳ ವ್ಯಾಪ್ತಿಯನ್ನು ಸೂಚಿಸಿ, '!' ಚಿಹ್ನೆ ಹಾಕಿ, ಪ್ರೋಗ್ರಾಮಿನ ಹೆಸರು ಬರೆದರೆ ಆ ಸಾಲುಗಳು ಪ್ರೋಗ್ರಾಮಿಗೆ ಹೋಗಿ, ಅದು ಕೊಟ್ಟ ಪಠ್ಯ ಅವುಗಳ ಜಾಗದಲ್ಲಿ ಬಂದು ಕೂರುತ್ತದೆ. ಪ್ರತಿಸಲವೂ ಇಷ್ಟುದ್ದ ಟೈಪ್ ಮಾಡುವ ಬದಲು ವಿಮ್‌ನ 'ಕಮಾಂಡ್' (command) ಎಂಬ ಸೂಚನೆಯಿಂದ ಅದಕ್ಕೊಂದು ಹೆಸರಿಟ್ಟು ಸಂರಚನಾ ಕಡತದಲ್ಲಿ ಒಂದು ಸಾಲು ಬರೆದಿದ್ದೇನೆ. ಹೀಗೆ ಹೆಸರಿಟ್ಟ ಕಮಾಂಡಿಗೆ ವ್ಯಾಪ್ತಿ ಹೇಳದಿದ್ದರೆ ಇಡೀ ಕಡತ, ಹೇಳಿದರೆ ಅಷ್ಟು ಮಾತ್ರ ಎಂಬುದನ್ನೂ ಅಲ್ಲಿಯೇ ನಿಗದಿಪಡಿಸಬಹುದು. ಕನ್ನಡದಲ್ಲಿ ಹೆಸರಿಡಬೇಕೆಂಬ ಆಸೆ ನನಗಿತ್ತು. ಆದರೆ ವಿಮ್‌ನ ಸ್ವಂತ ಕಮಾಂಡ್‌ಗಳೊಡನೆ ಗೊಂದಲವಾಗದಿರಲು ನಾವು ರಚಿಸುವ ಹೆಸರುಗಳು ಇಂಗ್ಲಿಷಿನ ದೊಡ್ಡಕ್ಷರದಿಂದಲೇ ಆರಂಭವಾಗಬೇಕು.

ವ್ಯಾಪ್ತಿಯಿಲ್ಲದೆ ಬರೀ '!' ಬಳಸಿ ಪ್ರೋಗ್ರಾಮ್ ಓಡಿಸುವುದೇ ಬೇರೆ. ಆಗ ಪಠ್ಯ ಅದಕ್ಕೆ ಹೋಗುವುದಿಲ್ಲ. ಕಡತದ ಹೆಸರು ಕೊಟ್ಟರೆ ಅದು ಓದುವುದು ಡಿಸ್ಕಿನಲ್ಲಿ ಉಳಿಸಿದ ಪ್ರತಿಯನ್ನು. ಉಳಿಸದೆ ಓಡಿಸಿದ್ದರಿಂದ ಹಳೆಯ ಪ್ರತಿಯನ್ನೇ ಪರೀಕ್ಷಿಸುತ್ತಾ ಒಂದು ಸಂಜೆಯನ್ನು ನಾನು ಕಳೆದದ್ದುಂಟು. ಈಗ ಅಂಥ ಕಮಾಂಡ್‌ಗಳಲ್ಲಿ ಉಳಿಸುವ ಹಂತವನ್ನು ಮೊದಲೇ ಸೇರಿಸುತ್ತೇನೆ. ಕಡತದ ಹೆಸರಿನಲ್ಲಿ ಖಾಲಿ ಜಾಗವಿದ್ದರೆ, ಕಮಾಂಡ್‌ಗಳನ್ನು ಓದಿ ನಡೆಸುವ ಶೆಲ್ ಅದನ್ನು ಎರಡು ಹೆಸರುಗಳೆಂದು ತಿಳಿಯುವುದರಿಂದ, ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಕಳುಹಿಸುವುದೂ ಅವಶ್ಯ.

ಹೊಸಬರಿಗೆ ಹೆಚ್ಚು ಭಯ ಹುಟ್ಟಿಸುವುದು ಪ್ರೋಗ್ರಾಮ್ ವಿಫಲವಾದಾಗಿನ ದೃಶ್ಯ. ಸಾಮಾನ್ಯ ಸಂರಚನೆಯಲ್ಲಿ ದೋಷದ ಸಂದೇಶವೂ ಪಠ್ಯದ ಜಾಗಕ್ಕೇ ಬರುವುದರಿಂದ, ಇಪ್ಪತ್ತು ಪುಟಗಳ ಲೇಖನ ಮಾಯವಾಗಿ ಪೈಥಾನ್‌ನ ನಾಲ್ಕು ಸಾಲಿನ ದೂರು ಮಾತ್ರ ಉಳಿದಂತೆ ಕಾಣುತ್ತದೆ. ಗಾಬರಿಯಾಗಿ ಉಳಿಸಲು ಹೋಗಬಾರದು. ಮೊದಲು ಆ ದೂರನ್ನು ಓದಿಕೊಂಡು, ಆಮೇಲೆ ಇಂಗ್ಲಿಷಿನ 'ಯು' (u) ಕೀಲಿಯನ್ನು ಒಮ್ಮೆ ಒತ್ತಿದರೆ ಲೇಖನ ಇದ್ದ ಹಾಗೆಯೇ ಮರಳುತ್ತದೆ.