ಹಾರ್ನ್ ಕೇಳದ ಜಾಮಿನಲ್ಲಿ ನಾವಿಬ್ಬರು

ಬ್ಯಾಂಕಾಕಿನಲ್ಲಿ ಟ್ರಾಫಿಕ್ ಜಾಮ್ ವಿಪರೀತ ಅಂತ ಹೋಗುವ ಮೊದಲೇ ಹತ್ತು ಜನ ಹೇಳಿದ್ದರು. ಆ ಜಾಮಿನಲ್ಲಿ ಹಾರ್ನ್ ಹೊಡೆಯುವವರೇ ಇಲ್ಲ ಅಂತ ಒಬ್ಬರೂ ಹೇಳಿರಲಿಲ್ಲ. ಅಸೋಕ್ ಸಿಗ್ನಲ್ಲಿನ ಪಕ್ಕ ನಿಂತು ನೋಡಿದೆ. ಗುಲಾಬಿ ಬಣ್ಣದ ಟ್ಯಾಕ್ಸಿಗಳು, ಹಸಿರು ಹಳದಿ ಟ್ಯಾಕ್ಸಿಗಳು, ಸಂದಿಯಲ್ಲಿ ತೂರಿಕೊಂಡು ಬರುವ ಬೈಕುಗಳು, ಕಿತ್ತಳೆ ಜಾಕೆಟ್ ಹಾಕಿದ ಬೈಕ್ ಟ್ಯಾಕ್ಸಿಯವರು. ಹಸಿರು ದೀಪ ಬಿದ್ದರೂ ಮುಂದಿನವನು ಹೊರಟಿಲ್ಲ. ಹಿಂದಿನವನು ತೆಪ್ಪಗೆ ಕೂತಿದ್ದಾನೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಆಯುಷ್ಯ ಕಳೆದ ನಮ್ಮ ಯಜಮಾನರಿಗೆ ಇದೇ ಮೊದಲ ಪ್ರೇಕ್ಷಣೀಯ ಸ್ಥಳ. ಫೋನ್ ತೆಗೆದು ವಿಡಿಯೊ ಮಾಡಿಕೊಂಡರು.

ಇವರ ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ಅಲ್ಲಿರಬೇಕಿತ್ತು. ಮಗಳು ಹಾಸ್ಟೆಲ್ಲಿನಲ್ಲಿದ್ದಾಳೆ. "ನೀನೂ ಬಾರೇ, ನಾನೊಬ್ಬನೇ ಅಲ್ಲಿ ಏನು ತಿನ್ನಲಿ" ಅಂದರು. ಕರೆದದ್ದು ನನಗಾಗಿಯೋ ಸಾರಿಗಾಗಿಯೋ ಅಂತ ನಾನು ಜಾಸ್ತಿ ಕೆದಕಲಿಲ್ಲ. ಕೆಲಸ ಶುರುವಾಗುವ ಮೊದಲು ಊರು ಸುತ್ತಲು ಒಂದಿಷ್ಟು ಬಿಡುವು ಸಿಕ್ಕಿತ್ತು. ಮನೆಯ ಕರಾರು ಪತ್ರಕ್ಕೆ ಸಹಿ ಹಾಕುವಾಗ ನೋಡಿದರೆ ಇಸವಿ 2568! ಬುದ್ಧನ ಲೆಕ್ಕದ ಇಸವಿ ಅದು, ನಮಗಿಂತ 543 ವರ್ಷ ಮುಂದೆ. "ನನ್ನ ರಿಟೈರ್ಮೆಂಟ್ ಆಗಿ ಎಷ್ಟು ಕಾಲವಾಯಿತಪ್ಪಾ" ಅಂತ ಇವರ ಜೋಕು.

ಊಟದ್ದೇ ದೊಡ್ಡ ಚಿಂತೆಯಾಗಿತ್ತು. ಸಸ್ಯಾಹಾರ ಅಂತ ಹೇಳಿದರೂ ಮೀನಿನ ಸಾಸ್ ಒಂದು ಚಮಚ ಬಿದ್ದೇ ಬೀಳುತ್ತದೆ. ಅದನ್ನು ಅವರು ಮೀನು ಅಂತ ಎಣಿಸುವುದೇ ಇಲ್ಲ. ಪಪ್ಪಾಯಿ ಕೋಸಂಬರಿ ಕುಟ್ಟಿ ಕೊಡುವವಳು ಎಷ್ಟು ಚಂದ ಕುಟ್ಟುತ್ತಿದ್ದಳು, ಕೊನೆಯಲ್ಲಿ ಒಂದು ಹಿಡಿ ಒಣ ಸೀಗಡಿ ಹಾಕಿಬಿಟ್ಟಳು. ಆಮೇಲೆ ಪಕ್ಕದ ಬೀದಿಯಲ್ಲಿ ಒಂದು ಹಳದಿ ಬಾವುಟ ಕಣ್ಣಿಗೆ ಬಿತ್ತು. ಕೆಂಪು ಅಕ್ಷರದಲ್ಲಿ ಏನೋ ಬರೆದಿದೆ, ದೂರದಿಂದ 17 ಅಂತ ಓದಬಹುದು. ಅದು 'ಜೇ' ಊಟದ ಗುರುತು. ಚೀನೀ ಮೂಲದ ಬೌದ್ಧರ ಸಂಪ್ರದಾಯ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ! ನಮ್ಮತ್ತೆ ಬಂದಿದ್ದರೆ ಚಾತುರ್ಮಾಸಕ್ಕೂ ನಡೆಯುತ್ತದೆ ಅಂತ ಕೂತು ಉಣ್ಣುತ್ತಿದ್ದರೇನೋ. ಆದರೆ ಸೋಯಾದಲ್ಲಿ ಮಾಡಿದ್ದನ್ನು ಥೇಟ್ ಮಾಂಸದ ಥರವೇ ಕತ್ತರಿಸಿ ಇಟ್ಟಿರುತ್ತಾರೆ. ಇವರು ಒಂದೊಂದು ತುಂಡನ್ನೂ ಚಮಚದಲ್ಲಿ ಮಗುಚಿ ಮಗುಚಿ ನೋಡಿ ಬಾಯಿಗಿಟ್ಟರು. ಎರಡನೇ ತಟ್ಟೆ ಹೇಳುವಾಗ ಮಗುಚಲಿಲ್ಲ.

ಅರಮನೆಗೆ ಹೋದೆವು. ಟಿಕೆಟ್ ತಲೆಗೆ 500 ಬಾತ್, ಬಿಸಿಲು, ನೂಕುನುಗ್ಗಲು. ಪಚ್ಚೆ ಬುದ್ಧನ ಗುಡಿಯ ಸುತ್ತ ಪ್ರಾಕಾರದ ಗೋಡೆ ಇಲ್ಲದಿದ್ದರೆ ಆ ದುಡ್ಡಿಗೆ ಮರುಗುತ್ತಿದ್ದೆ. 178 ಚಿತ್ರಗಳಲ್ಲಿ ಇಡೀ ರಾಮಾಯಣ, ಅವರ ರಾಮಾಯಣ. ಹನುಮಂತ ಬೆಳ್ಳಗಿದ್ದಾನೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದಿಯಲು ಬಂದ ರಾವಣನ ಮಗಳು, ಅರ್ಧ ಮೀನಿನ ಮೈಯವಳು, ಅವಳ ಮೇಲೆ ಇವನಿಗೆ ಮನಸ್ಸಾಗಿ ಒಬ್ಬ ಮಗನೂ ಹುಟ್ಟುತ್ತಾನೆ. ನಮ್ಮ ಮನೆದೇವರು ಆಂಜನೇಯ. ಶನಿವಾರ ತಪ್ಪದೆ ಗುಡಿಗೆ ಹೋಗುವ ಇವರು ಮೊಬೈಲಿನಲ್ಲಿ ಆ ಕಥೆ ಓದಿ, "ಅಮ್ಮನಿಗೆ ಹೇಳೋದು ಬೇಡ" ಅಂದರು.

ವಾಟ್ ಪೋ ಅನ್ನುವ ಬುದ್ಧನ ಗುಡಿ ಅಲ್ಲಿಂದ ಹತ್ತಿರವೇ. ಮಲಗಿದ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಆದರೆ ಆ ಮಂಟಪ ಎಷ್ಟು ಇಕ್ಕಟ್ಟು ಅಂದರೆ ಎಲ್ಲಿ ನಿಂತರೂ ಪೂರ್ತಿ ಬುದ್ಧ ಕಾಣಿಸುವುದಿಲ್ಲ. ಕಂಬಗಳ ನಡುವೆ ಒಮ್ಮೆ ಮುಖ, ಇನ್ನೊಮ್ಮೆ ಮೊಣಕೈ. ಪಾದದ ಅಡಿಯಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆ ಬಿಡಿಸಿದ್ದಾರೆ. ಬೆನ್ನ ಹಿಂದೆ ಸಾಲಾಗಿ 108 ಕಂಚಿನ ಪಾತ್ರೆ. ಚಿಲ್ಲರೆ ಕೊಂಡು ಒಂದೊಂದಕ್ಕೂ ಒಂದೊಂದು ನಾಣ್ಯ ಹಾಕುತ್ತಾ ಹೋಗಬೇಕು. ಅಷ್ಟೋತ್ತರ ಹೇಳಿ ಅಭ್ಯಾಸವಿದ್ದ ನನಗೆ ಕೈ ತಾನಾಗಿ ಲಯಕ್ಕೆ ಬಿತ್ತು. ಇವರ ನಾಣ್ಯ ನಡುವೆಯೇ ಮುಗಿದು ಹೋಯಿತು.

ನನ್ನನ್ನು ಕೇಳಿದರೆ ಅಲ್ಲಿಂದ ನಡೆದು ಹೋಗುವಷ್ಟು ದೂರದ ಹೂವಿನ ಮಾರ್ಕೆಟ್ಟೇ ಆ ಊರಿನ ನಿಜವಾದ ಗುಡಿ. ಪಾಕ್ ಖ್ಲೋಂಗ್ ತಲಾತ್ ಅಂತ ಹೆಸರು. ಹಗಲು ರಾತ್ರಿ ನಡೆಯುತ್ತದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹಬ್ಬದ ಹಿಂದಿನ ದಿನ ಓಡಾಡಿದವರಿಗೆ ಚೆಂಡು ಹೂವಿನ ರಾಶಿ ಹೊಸದಲ್ಲ. ಹೊಸದಾಗಿದ್ದು ಎಕ್ಕದ ಹೂ! ಅದರ ದಳವನ್ನೆಲ್ಲ ಕಿತ್ತು, ನಡುವಿನ ಪುಟ್ಟ ಕಿರೀಟವನ್ನು ಮಾತ್ರ ಪೋಣಿಸುತ್ತಾರೆ. ದಂತದ ಮಣಿಯೇ ಅನ್ನಬೇಕು. ಮದುವೆಯ ಹಾರಕ್ಕೂ ಅದು ಬೇಕಂತೆ. ಇನ್ನೊಂದು ಕಡೆ ಒಬ್ಬ ಹುಡುಗ ತಾವರೆ ಮೊಗ್ಗಿನ ಹೊರಗಿನ ದಳಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿ ಸಿಕ್ಕಿಸುತ್ತಿದ್ದ. ಒಂದು ನಿಮಿಷದಲ್ಲಿ ಮೊಗ್ಗು ಹೋಗಿ ಬೇರೆಯೇ ಒಂದು ಹೂವಾಗುತ್ತಿತ್ತು.

ಮಲ್ಲಿಗೆ ಮಾತ್ರ ನಮ್ಮ ದುಂಡು ಮಲ್ಲಿಗೆಯೇ. ಬಿಡಿ ಮೊಗ್ಗು ಐಸಿನ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ. ಕಟ್ಟಿದ ಮಾಲೆಯೂ ಇತ್ತು, ಆದರೆ ಅದು ಬುದ್ಧನಿಗೆ, ಇಲ್ಲವೇ ಕಾರಿನ ಕನ್ನಡಿಗೆ. ಮುಡಿಗೆ ಅಂತ ಸನ್ನೆ ಮಾಡಿದ್ದಕ್ಕೆ ಅಂಗಡಿಯಾಕೆ ನಕ್ಕು ಕೈ ಆಡಿಸಿದಳು. ಸರಿ, ಒಂದು ಚೀಲ ಮೊಗ್ಗು ಕೊಂಡು ದಾರ ಕೇಳಿದೆ. ಅವರ ಹತ್ತಿರ ಗೇಣುದ್ದಕ್ಕಿಂತ ದೊಡ್ಡ ಸೂಜಿ ಇರುತ್ತದೆ, ಎಲ್ಲ ಹೂವನ್ನೂ ಅದಕ್ಕೇ ಚುಚ್ಚಿ ಪೋಣಿಸುವುದು. ಸೂಜಿಯನ್ನೂ ಮುಂದಕ್ಕೆ ಹಿಡಿದಳು. ನಾನು ಬೇಡ ಅಂದು, ಅವಳ ಸ್ಟೂಲಿನ ಮೇಲೆಯೇ ಕೂತು, ಎರಡು ಆ ಕಡೆ ಎರಡು ಈ ಕಡೆ ಇಟ್ಟು ಬೆರಳಲ್ಲಿ ಗಂಟು ಬಿಗಿಯುತ್ತಾ ಹೋದೆ. ಅಮ್ಮ ಬಾಳೆನಾರಿನಲ್ಲಿ ಕಲಿಸಿದ್ದು. ಒಂದು ಮೊಳ ಆಗುವಷ್ಟರಲ್ಲಿ ಅಕ್ಕಪಕ್ಕದ ಅಂಗಡಿಯವರೆಲ್ಲ ಸುತ್ತ ನಿಂತಿದ್ದರು. ಅಂಗಡಿಯಾಕೆ ನನ್ನ ಕೈಯಿಂದ ದಾರ ತಗೊಂಡು ತಾನೂ ನೋಡಿದಳು. ಮೊದಲೆರಡು ಗಂಟು ಜಾರಿತು, ಮೂರನೆಯದು ನಿಂತಿತು. ಇವರು ಈ ನಡುವೆ, "ಆಯ್ತೇನೇ? ರೈಲಿಗೆ ಲೇಟಾಗುತ್ತೆ" ಅಂತ ಎರಡು ಸಲ ಕೂಗಿದರು. "ಐದು ನಿಮಿಷಕ್ಕೊಂದು ರೈಲು ಬರುತ್ತೆ ಕಣ್ರೀ, ಸುಮ್ನಿರಿ" ಅಂದೆ.

ಒಂದು ಸಂಜೆ ಲುಂಪಿನಿ ಪಾರ್ಕಿಗೆ ಹೋದೆವು. ಕೆರೆಯ ದಡದಲ್ಲಿ ಆಳುದ್ದದ ಉಡಗಳು ಯಾರ ಹಂಗೂ ಇಲ್ಲದೆ ಓಡಾಡುತ್ತವೆ. ಇವರು ನನ್ನ ತೋಳನ್ನು ಹಿಡಿದದ್ದು ಉಡದ ಪಟ್ಟೇ. 6 ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬಂತು. ಓಡುತ್ತಿದ್ದವರೆಲ್ಲ ಇದ್ದಲ್ಲೇ ನಿಂತರು, ಬೆವರು ಒರೆಸಿಕೊಳ್ಳಲಿಲ್ಲ. ದಿನಾ ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ಹೀಗೆಯೇ. ಉಡಕ್ಕೆ ಇದ್ಯಾವುದೂ ಇಲ್ಲ, ನಮ್ಮ ಕಾಲಿನ ಪಕ್ಕದಿಂದಲೇ ನೀರಿಗಿಳಿಯಿತು.

ಇನ್ನು ಸೇನ್ ಸೇಪ್ ಕಾಲುವೆಯ ದೋಣಿ. ಮೂರನೇ ರಾಮ ಅನ್ನುವ ಥಾಯ್ ದೊರೆಯ ಕಾಲದಲ್ಲಿ, 1837ರಿಂದ 1840ರವರೆಗೆ, ಯುದ್ಧಕ್ಕೆ ಸೈನ್ಯ ಸಾಗಿಸಲು ತೋಡಿಸಿದ ಕಾಲುವೆ. ಈಗ ಆಫೀಸಿನವರನ್ನು ಸಾಗಿಸುತ್ತದೆ. ನೀರು ಕಪ್ಪು, ವಾಸನೆ ಬೇರೆ. ದೋಣಿ ಪೂರ್ತಿ ನಿಲ್ಲುವುದೂ ಇಲ್ಲ, ಹಗ್ಗ ಹಿಡಿದು ಹಾರಿಕೊಳ್ಳಬೇಕು. ಹೆಲ್ಮೆಟ್ ಹಾಕಿದ ಕಂಡಕ್ಟರಮ್ಮ ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ ಟಿಕೆಟ್ ಹರಿಯುತ್ತಾಳೆ. ಸೇತುವೆ ತಗ್ಗಾಗಿದ್ದರೆ ದೋಣಿಯ ಚಾವಣಿಯೇ ಕೆಳಗಿಳಿಯುತ್ತದೆ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಟಾರ್ಪಾಲ್ ಮೇಲಕ್ಕೆತ್ತಬೇಕು, ಇಲ್ಲದಿದ್ದರೆ ಇಡೀ ಸಾಲಿಗೆ ಅಭಿಷೇಕ. ಅದು ಯಾರ ಕೆಲಸ ಅಂತ ಯಾರೂ ಹೇಳಿಕೊಡುವುದಿಲ್ಲ. ಕೂತವರದ್ದೇ ಕೆಲಸ. ನನ್ನ ಕೈಗೆ ಹಗ್ಗ ಬಂದಾಗ ನಾನೂ ಎಳೆದೆ. ಮೇಲೆ ರಸ್ತೆಯಲ್ಲಿ ಅದೇ ಹಾರ್ನಿಲ್ಲದ ಜಾಮ್ ನಿಂತಿತ್ತು. ನಾವು ಕೆಳಗಿನಿಂದ ದಾಟಿಕೊಂಡು ಹೋದೆವು.

ಇವರ ಆಫೀಸು ಪ್ರತೂನಾಮ್ ನಿಲ್ದಾಣದ ಹತ್ತಿರ. ಸೋಮವಾರ ಟ್ಯಾಕ್ಸಿ ಬೇಡ, ದೋಣಿಯಲ್ಲೇ ಹೋಗುತ್ತೇನೆ ಅಂತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟರು. ಅರ್ಧ ಗಂಟೆಯೊಳಗೆ ಫೋನ್. "ಏನೇ, ಆ ಟಾರ್ಪಾಲ್ ಹಗ್ಗ ಎಡಗೈಲಿ ಎಳೀಬೇಕಾ, ಬಲಗೈಲಾ?" ಅಂದರು. ಹಿಂದೆ ಯಾರೋ ಗೊಳ್ಳೆಂದು ನಗುವುದು ಕೇಳಿಸಿತು. ಸಂಜೆ ಬರುವಾಗ ನೇರಳೆ ಬಣ್ಣದ ಹೊಸ ಅಂಗಿಯಲ್ಲಿದ್ದರು, ಪ್ರತೂನಾಮ್ ಸಂತೆಯಲ್ಲಿ ಕೊಂಡದ್ದಂತೆ. ಚೌಕಾಸಿ ಮಾಡಿಲ್ಲ ಅನ್ನುವುದು ಬೆಲೆ ಕೇಳಿದಾಗಲೇ ಗೊತ್ತಾಯಿತು.