ಶುಗರ್ ಇದ್ದವರು ಕಣ್ಣಿಗೆ ಡ್ರಾಪ್ಸ್ ಹಾಕಿಸಿಯೇ ತೋರಿಸಬೇಕು

ಜಗಳೂರು, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ಬಂದ ಶುಗರ್‌ನವರು ಕನ್ನಡಕದಂಗಡಿಯಲ್ಲಿ ಬೋರ್ಡಿನ ಕೊನೆಯ ಸಾಲನ್ನೂ ಓದಿ, ಕಣ್ಣಿಗೇನೂ ಆಗಿಲ್ಲ ಎಂದು ನಿಶ್ಚಿಂತೆಯಿಂದ ಬಸ್ಸು ಹತ್ತುತ್ತಾರೆ. ಆದರೆ ಶುಗರ್ ಕೆಡಿಸುವುದು ಕಣ್ಣಿನ ಹಿಂದಿನ ಪರದೆಯನ್ನು, ಅಂದರೆ ರೆಟಿನಾವನ್ನು. ಅಲ್ಲಿನ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತ, ನೀರು, ಕೊಬ್ಬು ಜಿನುಗುತ್ತವೆ. ವರ್ಷಗಟ್ಟಲೆ ಹೀಗಾದರೂ ನೋವಿಲ್ಲ, ಮಂಜೂ ಇರಲಿಕ್ಕಿಲ್ಲ. ನೀರು ಪರದೆಯ ನಟ್ಟನಡುವೆ ಸೇರಿದಾಗ ಅಕ್ಷರ ಸೊಟ್ಟಗೆ ಕಾಣುತ್ತದೆ. ನಾಳಗಳು ಮುಚ್ಚುತ್ತ ಹೋದರೆ ಹೊಸವು ಹುಟ್ಟುತ್ತವೆ. ಅವು ಬಲವಿಲ್ಲದವು, ಒಡೆದರೆ ಕಣ್ಣೊಳಗೆ ರಕ್ತ ತುಂಬಿ ಇದ್ದಕ್ಕಿದ್ದಂತೆ ಕತ್ತಲಾಗುತ್ತದೆ.

ಯಾರಿಗೆ ಅಪಾಯ ಹೆಚ್ಚು? ಶುಗರ್ ಬಂದು ಎಷ್ಟು ವರ್ಷವಾಯಿತು ಎಂಬುದೇ ಮೊದಲ ಲೆಕ್ಕ. ಟೈಪ್ 2, ಅಂದರೆ ಹೆಚ್ಚಾಗಿ ದೊಡ್ಡವರಿಗೆ ಬರುವ ಶುಗರ್, ಗೊತ್ತಾಗುವ ಹೊತ್ತಿಗೆ ಕಾಯಿಲೆ ಒಳಗೇ ಕೆಲವು ವರ್ಷ ಕಳೆದಿರಬಹುದು, ಹಾಗಾಗಿ ಗೊತ್ತಾದ ಕೂಡಲೇ ಕಣ್ಣು ತೋರಿಸಿ. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಶುಗರ್ ಆದರೆ, ಗೊತ್ತಾದ 5 ವರ್ಷದೊಳಗೆ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಮೊದಲೇ ಶುಗರ್ ಇದ್ದ ಗರ್ಭಿಣಿಯರು ಮೊದಲ 3 ತಿಂಗಳಲ್ಲೇ ತೋರಿಸಬೇಕು. ಬಿಪಿ, ಕಿಡ್ನಿ ತೊಂದರೆ, ಕೊಲೆಸ್ಟ್ರಾಲ್, ರಕ್ತಹೀನತೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಎರಡು ದಿನ ಬೆಣ್ಣೆದೋಸೆ ಬಿಟ್ಟು ಖಾಲಿಹೊಟ್ಟೆಯ ಶುಗರ್ ಕಡಿಮೆ ತೋರಿಸಿದರೆ ಪ್ರಯೋಜನವಿಲ್ಲ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ 2–3 ತಿಂಗಳ ಶುಗರ್‌ನ ಸರಾಸರಿ ಹೇಳುತ್ತದೆ. ಹೆಚ್ಚಿನವರಿಗೆ ಅದು ಸುಮಾರು ಶೇ 7ರೊಳಗಿರಬೇಕು. ಬಹುಕಾಲ ಏರಿದ್ದ ಶುಗರ್ ಇನ್ಸುಲಿನ್‌ನಿಂದ ಬೇಗ ಇಳಿದಾಗ ರೆಟಿನಾ ಸ್ವಲ್ಪ ಕಾಲ ಹದಗೆಡುವುದುಂಟು. ಅದಕ್ಕೆ ಹೆದರಿ ಇನ್ಸುಲಿನ್ ಬಿಡಬೇಡಿ, ಶುರುಮಾಡುವ ಮೊದಲು ಕಣ್ಣು ತೋರಿಸಿಕೊಳ್ಳಿ.

ಹಿಂದಿನ ಪರದೆ ಡಾಕ್ಟರಿಗೆ ಚೆನ್ನಾಗಿ ಕಾಣಲೆಂದೇ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸುವುದು. ಹಾಕಿದ ಮೇಲೆ ಅದು ಹಿಗ್ಗಲು 20–30 ನಿಮಿಷ ಬೇಕು. 4–6 ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಬೈಕ್ ತರಬೇಡಿ, ಜೊತೆಗೊಬ್ಬರನ್ನು ಕರೆತನ್ನಿ, ಕಪ್ಪು ಕನ್ನಡಕವಿರಲಿ. ಬ್ಯಾಂಕಿನ ಸಹಿ ಕೆಲಸ ಮೊದಲೇ ಮುಗಿಸಿ. ಶುಗರ್ ಏರಿಳಿಯುವಾಗ ಕನ್ನಡಕದ ನಂಬರೂ ಬದಲಾಗುತ್ತದೆ, ಕೆಲವು ವಾರ ಶುಗರ್ ಒಂದು ಹದಕ್ಕೆ ಬಂದ ಮೇಲೆ ಮಾಡಿಸಿದರೆ ದುಡ್ಡು ದಂಡವಾಗುವುದಿಲ್ಲ. ಮಂಜಾದದ್ದೆಲ್ಲ ಪೊರೆ ಎಂದು ಕಾಯುತ್ತ ಕೂರುವುದೂ ತಪ್ಪು.

ಚಿಕಿತ್ಸೆ ಕೆಡುವುದು ಹೆಚ್ಚಾಗಿ ಅರ್ಧಕ್ಕೆ ಬಿಡುವುದರಿಂದ. ಪರದೆಯ ನಡುವಿನ ನೀರಿಗೆ ಕೊಡುವ ಇಂಜೆಕ್ಷನ್ ಒಂದಕ್ಕೇ ಮುಗಿಯುವುದಿಲ್ಲ, ಆರಂಭದಲ್ಲಿ ಸಾಮಾನ್ಯವಾಗಿ ತಿಂಗಳಿಗೊಂದು. ಲೇಸರ್ ಮಾಡುವುದು ಮುಂದಿನ ಹಾನಿ ತಡೆಯಲು. ಹೋದ ದೃಷ್ಟಿಯನ್ನು ಅದು ಮರಳಿ ತರದು.

ಮನೆಯಲ್ಲಿ ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಕ್ಯಾಲೆಂಡರಿನ ಗೆರೆ ನೋಡಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಡುತ್ತದೆ. ಗೆರೆ ಡೊಂಕಾಗಿದ್ದರೆ, ಜೇಡರಬಲೆಯಂಥದ್ದು ತೇಲಿದರೆ, ಪರದೆ ಎಳೆದಂತಾದರೆ ಅಂದೇ ಕಣ್ಣಾಸ್ಪತ್ರೆಗೆ ಹೋಗಿ.