ಮಾಲ್ಟಾದಲ್ಲಿ ಹೆಸರಿಲ್ಲದವರ ಗುಡಿಗಳು

ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪದೇಶ ಮಾಲ್ಟಾದ ಚಿರ್ಕೆವ್ವಾ ಬಂದರಿನಿಂದ ಗೋಜೋ ದ್ವೀಪಕ್ಕೆ ಫೆರಿಯಲ್ಲಿ ಅರ್ಧ ಗಂಟೆಯೂ ಬೇಡ. ಇಳಿದು ಬಸ್ಸಿನಲ್ಲಿ ಶಾರಾ ಊರಿಗೆ ಹೋದೆವು. ಊರಂಚಿನಲ್ಲೇ ಜಗಂತಿಯಾ ಇದೆ. ಕ್ರಿ.ಪೂ. 3600ರ ಸುಮಾರಿಗೆ ಕಟ್ಟಲು ಶುರುಮಾಡಿದ ಎರಡು ಗುಡಿಗಳು, ಸುತ್ತ ಒಂದೇ ಗೋಡೆ. ಗೀಜಾದ ದೊಡ್ಡ ಪಿರಮಿಡ್ಡಿಗಿಂತ ಸಾವಿರ ವರ್ಷ ಹಳೆಯವು. ಈ ಗುಡಿ ಕಟ್ಟುವ ಹೊತ್ತಿಗೆ ಗ್ರೀಕ್, ಲ್ಯಾಟಿನ್, ಸಂಸ್ಕೃತಗಳ ಪೂರ್ವಜ ಭಾಷೆ ಆಡುವವರು ಇನ್ನೂ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಲ್ಲಿ ದನ ಮೇಯಿಸುತ್ತಿದ್ದರು ಅನ್ನುವುದು ಹೆಚ್ಚಿನ ವಿದ್ವಾಂಸರ ಲೆಕ್ಕ.

ಗೋಡೆ ಕೆಲವು ಕಡೆ 6 ಮೀಟರ್ ದಾಟುತ್ತದೆ. ಹೊರಗೆ ಒರಟು ಕಲ್ಲು, ಒಳಗೆ ಮೆತ್ತನೆಯ ಸುಣ್ಣಕಲ್ಲು. "ಕಬ್ಬಿಣ ಇಲ್ಲ, ತಾಮ್ರಾನೂ ಇಲ್ಲ, ಇದನ್ನ ಹೇಗ್ರೀ ಎಬ್ಬಿಸಿದ್ರು?" ಅಂದಳು ಹೆಂಡತಿ. ಊರವರ ಕಥೆಯಲ್ಲಿ ಉತ್ತರ ಸಲೀಸು. ಸನ್ಸೂನಾ ಎಂಬ ರಾಕ್ಷಸಿ ಕಾಳು, ಜೇನು ತಿಂದುಕೊಂಡು, ಮಗುವನ್ನೂ ಹೊತ್ತುಕೊಂಡೇ ಕಲ್ಲು ಸಾಗಿಸಿದಳಂತೆ! ನಿಜವಾದ ಉತ್ತರದ ಸುಳಿವು ಮುಖ್ಯ ದ್ವೀಪದ ತಾರ್ಶೀನ್ ಗುಡಿಯಲ್ಲಿ ಸಿಗುತ್ತದೆ. ಅಲ್ಲಿ ಕಲ್ಲಿನ ಉಂಡೆಗಳಿವೆ. ಅವುಗಳ ಮೇಲೆ ಬಂಡೆ ಉರುಳಿಸಿ ತಂದಿರಬೇಕು ಅಂತ ಊಹೆ.

ಗುಡಿ ಕಟ್ಟಿದವರ ಹಿರಿಯರು ಸಿಸಿಲಿಯಿಂದ ದೋಣಿಯಲ್ಲಿ ಬಂದ ರೈತರು. ಗೋಧಿ, ಬಾರ್ಲಿ, ಕುರಿ, ಮೇಕೆ, ದನ ಎಲ್ಲವನ್ನೂ ತಂದಿದ್ದರು. ಚೂಪು ಅಲಗಿಗೆ ಬೇಕಾದ ಕಪ್ಪು ಗಾಜುಕಲ್ಲು ಲಿಪಾರಿ, ಪಾಂಟೆಲ್ಲೇರಿಯಾ ದ್ವೀಪಗಳಿಂದ ಬರುತ್ತಿತ್ತು. ದ್ವೀಪದಲ್ಲಿ ಒಂಟಿಯಾಗಿ ಕೂತವರಂತೂ ಅಲ್ಲ. ಅವರ ಭಾಷೆ ಮಾತ್ರ ಒಂದು ಅಕ್ಷರವೂ ಉಳಿದಿಲ್ಲ.

ಪ್ರವಾಸದಲ್ಲಿ ನನ್ನನ್ನು ಅಲ್ಲಾಡಿಸಿದ್ದು ಹಾಲ್ ಸಫ್ಲಿಯೇನಿ. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗೆ ಅಗೆಯುವಾಗ ಸಿಕ್ಕ ನೆಲದಡಿಯ ಸಮಾಧಿ. ಬಂಡೆ ಕೊರೆದು ಮಾಡಿದ ಮೂರು ಅಂತಸ್ತು. ಸುಮಾರು 7,000 ಜನರ ಮೂಳೆ ಇತ್ತು ಅಂತ ಅಂದಾಜು. ಮಧ್ಯದ ಅಂತಸ್ತಿನ ಒಂದು ಕೋಣೆ ನೋಡಿ ಸುಮ್ನೆ ನಿಂತುಬಿಟ್ಟೆ. ನೆಲದ ಮೇಲೆ ಕಲ್ಲು ಜೋಡಿಸಿ ಕಟ್ಟುತ್ತಿದ್ದ ಗುಡಿಯ ಬಾಗಿಲು, ಕಂಬ, ತೊಲೆಗಳನ್ನೇ ಇಲ್ಲಿ ಬಂಡೆಯಲ್ಲಿ ಕಡೆದಿದ್ದಾರೆ. ಬದುಕಿದ್ದವರ ಗುಡಿಯ ನಕಲು, ಸತ್ತವರಿಗೆ. ಇನ್ನೊಂದು ಕೋಣೆಯ ಚಾವಣಿಯಲ್ಲಿ ಕೆಂಪು ಕಾವಿಯ ಸುರುಳಿ ಚಿತ್ರಗಳು. ಒಂದು ಸಲಕ್ಕೆ ಹತ್ತೇ ಜನರನ್ನು ಬಿಡುತ್ತಾರೆ, ಫೋಟೋ ತೆಗೆಯುವಂತಿಲ್ಲ. ನನಗೇನೋ ಒಳ್ಳೆಯದೇ ಅನ್ನಿಸಿತು.

ಅಲ್ಲಿ ಸಿಕ್ಕ 'ಮಲಗಿದ ಹೆಂಗಸು' ಈಗ ರಾಜಧಾನಿ ವ್ಯಾಲೆಟ್ಟಾದ ಪುರಾತತ್ವ ಮ್ಯೂಸಿಯಮ್ಮಿನಲ್ಲಿದ್ದಾಳೆ. ಮಣ್ಣಿನ ಬೊಂಬೆ, ಅಂಗೈಯಷ್ಟು. ಕೈ ತಲೆಗೆ ಕೊಟ್ಟು ಪಕ್ಕಕ್ಕೆ ಒರಗಿದ್ದಾಳೆ. ದಪ್ಪ ಮೈಯ ಬೊಂಬೆ ಕಂಡರೆ ಸಾಕು, 'ತಾಯಿ ದೇವತೆ' ಅಂದುಬಿಡುವುದು ಗೈಡುಗಳಿಗೆ ರೂಢಿ. ಯುದ್ಧವೇ ಅರಿಯದ, ದೇವಿಯನ್ನು ಪೂಜಿಸುವ ಹಳೆಯ ಯೂರೋಪ್ ಇತ್ತು, ಕುದುರೆ ಏರಿ ಬಂದವರು ಅದನ್ನು ಮುಗಿಸಿದರು ಎಂಬ ಚಿತ್ರ ಕೊಟ್ಟವರು ಪುರಾತತ್ವಜ್ಞೆ ಮಾರಿಯಾ ಗಿಂಬುಟಾಸ್. ಕಪ್ಪು ಸಮುದ್ರದ ಆಚೆಯ ಆ ಹುಲ್ಲುಗಾವಲಿನಿಂದ ಜನ ಬಂದರು ಅನ್ನುವ ಅವರ ಮಾತಿಗೆ ಡಿಎನ್‌ಎ ಬೆಂಬಲ ಸಿಕ್ಕಿದೆ. ಆದರೆ ಆ ಶಾಂತಿಯ ಸ್ವರ್ಗ ನನಗೆ ಸ್ವಲ್ಪ ಜಾಸ್ತಿಯಾಯಿತು. ಇಲ್ಲಿನ ಎಷ್ಟೋ ಬೊಂಬೆಗಳು ಗಂಡೋ ಹೆಣ್ಣೋ ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ?

ಗುಡಿ ಕಟ್ಟುವುದು ಕ್ರಿ.ಪೂ. 2500ರ ನಂತರ ನಿಂತುಹೋಯಿತು. ಬರವೋ, ಸವೆದ ಮಣ್ಣೋ, ಜಗಳವೋ, ವಾದ ಮುಗಿದಿಲ್ಲ. ಆಮೇಲೆ ಬಂದ ಕಂಚಿನ ಯುಗದವರು ಹೆಣ ಸುಟ್ಟು, ಬೂದಿಯನ್ನು ಮಡಕೆಯಲ್ಲಿಟ್ಟು ಪಾಳುಬಿದ್ದ ತಾರ್ಶೀನ್ ಗುಡಿಯೊಳಗೇ ಹೂಳಿದರು. ತಾಮ್ರದ ಬಾಕುಗಳೂ ಜೊತೆಗಿದ್ದವು. ಮೊದಲಿನವರು ಮೂಳೆಗಳನ್ನು ಗುಹೆಯಲ್ಲಿ ಒಟ್ಟಿಗೆ ಇಡುತ್ತಿದ್ದರು. ರೀತಿಯೇ ಬೇರೆ.

ಹೋಗುವವರಿಗೆ ಒಂದು ಮಾತು. ತಾರ್ಶೀನಿನಲ್ಲಿರುವ ಕೆತ್ತನೆಗಳಲ್ಲಿ ಬಹಳಷ್ಟು ನಕಲು, ಅಸಲಿ ವ್ಯಾಲೆಟ್ಟಾದಲ್ಲಿವೆ. ಮೊದಲು ಮ್ಯೂಸಿಯಂ ನೋಡಿ, ಆಮೇಲೆ ಗುಡಿ. ಸಫ್ಲಿಯೇನಿಯ ಟಿಕೆಟ್ಟನ್ನು ವಿಮಾನದ ಟಿಕೆಟ್ಟಿಗಿಂತ ಮುಂಚೆಯೇ ತೆಗೆದುಕೊಳ್ಳಿ.